ಅಳತೆ ಪುಸ್ತಕದ ಚುಕ್ಕಿಗಳು

ಎರಡು ಗೆರೆ, ಕಡುನೀಲಿ ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದ ಎರಡು ಬಿಳಿ ಗೆರೆ, ಕಂಕುಳ ಹತ್ತಿರ ಒಟ್ಟಿಗೇ ಹೊರಟು ಸೊಂಟಕ್ಕೆ ಬರುವಷ್ಟರಲ್ಲಿ ಮುನಿಸಿಕೊಂಡ ಓರಗಿತ್ತಿಯರ ಹಾಗೆ ದೂರ ದೂರ, ನಡುವೆ ಎರಡು ಇಂಚು, ಎಡಕ್ಕೆರಡು ಬಲಕ್ಕೆರಡು, ಹಿಂದೆ ಮುಂದೆ ಸೇರಿಸಿದರೆ ಎಂಟು — ಹೊರಗಿನ ಗೆರೆ ನಿನ್ನೆಯದು, ನಿಜದ್ದು, ಒಳಗಿನದು ಇವತ್ತು ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಎಳೆದದ್ದು, ಎಷ್ಟು ಒತ್ತಿ ಎಳೆದಳೆಂದರೆ ಸೀಮೆಸುಣ್ಣ ಎರಡು ತುಂಡಾಗಿತ್ತು. ಈಗ ಸೂಜಿ ಹೊರಗಿನ ಗೆರೆಯ ಮೇಲೆ ಹೋಗುತ್ತಿದೆ, ಉದ್ದುದ್ದ ಹೊಲಿಗೆ, ಕಚ್ಚಾ ಹೊಲಿಗೆ, ನಾಲ್ಕು ಗಂಟೆಯ ಟ್ರಯಲ್ಲಿಗೆ ಇಷ್ಟು ಸಾಕು, ಆಕೆ ಬರುತ್ತಾಳೆ, ತೊಡುತ್ತಾಳೆ, ಕನ್ನಡಿ ಮುಂದೆ ತಿರುಗುತ್ತಾಳೆ, ಹೋಗುತ್ತಾಳೆ, ಹೋದ ಮೇಲೆ ಈ ದಾರ ಒಂದೇ ಎಳೆತಕ್ಕೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಡುತ್ತದೆ, ಆಮೇಲೆ ಮಷೀನು, ಆಮೇಲೆ ಪಕ್ಕಾ ಹೊಲಿಗೆ, ಒಳಗಿನ ಗೆರೆಯ ಮೇಲೆ. ಕಚ್ಚಾ ನಿಜಕ್ಕೆ, ಪಕ್ಕಾ ಸುಳ್ಳಿಗೆ. ಬಾಯಲ್ಲಿ ಗುಂಡುಪಿನ್ನು ಇರದಿದ್ದರೆ ಜೋರಾಗಿ ನಕ್ಕುಬಿಡುತ್ತಿದ್ದಳೇನೋ. ಗಂಡನ ಅಕ್ಕ, ತನಗೆ ಅತ್ತಿಗೆ, ಮಗಳಿಗೆ ಮನೆಯಲ್ಲಿ ಅತ್ತೆ, ಶಾಲೆಯಲ್ಲಿ ದೊಡ್ಡ ಮೇಡಂ, ನಾಳೆ ಒಂಬತ್ತು ಗಂಟೆಗೆ ಈ ಗೌನು ತೊಟ್ಟು ಶಾಲೆಯ ದೊಡ್ಡ ಹಾಲಿನ ವೇದಿಕೆ ಹತ್ತಿ ಇನ್ನೂರು ತಾಯಂದಿರಿಗೆ ಭಾಷಣ ಮಾಡುತ್ತಾಳೆ, ಕಾರ್ಡು ಅಲ್ಲೇ ಬಟನ್ ಡಬ್ಬಿಗೆ ಒರಗಿಕೊಂಡಿದೆ, ಹೆಣ್ಣುಮಕ್ಕಳ ಆತ್ಮವಿಶ್ವಾಸ ಮನೆಯಿಂದಲೇ, ಅಕ್ಷರಗಳಿಗೆ ಬಂಗಾರದ ಬಣ್ಣ. ಆತ್ಮವಿಶ್ವಾಸವಂತೆ. ಊರಿಗೆಲ್ಲ ದೀಪ ಹಚ್ಚುವವಳು, ತಮ್ಮನ ಮನೆಯ ದೀಪವನ್ನು ಮಾತ್ರ ಬೆರಳಲ್ಲಿ ಹಿಸುಕುವವಳು.

ಹೇಗಿರುತ್ತದೆ, ನಾಳೆ ಬೆಳಿಗ್ಗೆ, ಅದನ್ನು ಎಷ್ಟು ಸಲ ನೋಡಿದರೂ ಅವಳಿಗೆ ಸಾಲುತ್ತಿಲ್ಲ — ಗಂಡ ಶಾಲೆಯ ಬಸ್ಸು ತೆಗೆದುಕೊಂಡು ಹೋಗುವಾಗ ಗೌನಿನ ಪೊಟ್ಟಣ ಡ್ರೈವರ್ ಸೀಟಿನ ಹಿಂದೆ ನೇತಾಡುತ್ತಿರುತ್ತದೆ, ಅಕ್ಕನ ಕೋಣೆಗೆ ಕೊಟ್ಟು ಅಕ್ಕಾ ತಗೋ ಅನ್ನುತ್ತಾನೆ, ಆಕೆ ಬಾಗಿಲು ಹಾಕಿಕೊಳ್ಳುತ್ತಾಳೆ, ತಲೆಯ ಮೇಲಿನಿಂದ ಇಳಿಸುತ್ತಾಳೆ, ಭುಜ ಸರಿ, ತೋಳು ಸರಿ, ಬೆನ್ನ ಹಿಂದೆ ಕೈ ಹಾಕಿ ಜಿಪ್ಪು ಎಳೆಯುತ್ತಾಳೆ, ಅದು ಸೊಂಟಕ್ಕೆ ಬಂದು ನಿಲ್ಲುತ್ತದೆ. ಇನ್ನೊಮ್ಮೆ. ಮತ್ತೂ ಒಮ್ಮೆ. ಹೊರಗೆ ಟೀಚರುಗಳು, ಮೇಡಂ ಆಯ್ತಾ, ಅತಿಥಿಗಳು ಬಂದಾಯ್ತು ಮೇಡಂ, ಒಳಗೆ ಬರಲಾ ಮೇಡಂ, ಕೊನೆಗೆ ಒಬ್ಬಳನ್ನು ಒಳಗೆ ಬಿಟ್ಟುಕೊಳ್ಳಲೇಬೇಕಾಗುತ್ತದೆ, ಅವಳು ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಾಳೆ, ಸ್ವಲ್ಪ ಉಸಿರು ಹಿಡೀರಿ ಮೇಡಂ, ಇನ್ನೂ ಸ್ವಲ್ಪ — ಹೂಂ, ಹಿಡಿ, ಉಸಿರು ಹಿಡಿ, ನನ್ನ ಮಗಳು ಒಂದು ವರ್ಷದಿಂದ ಹಿಡಿದುಕೊಂಡೇ ಓಡಾಡುತ್ತಿದ್ದಾಳಲ್ಲ, ನೀನೂ ಐದು ನಿಮಿಷ ಹಿಡಿ. ಆಮೇಲೆ ಫೋನು ಬರುತ್ತದೆ, ಏನೇ ಇದು, ಹಾಳು ಮಾಡಿಟ್ಟಿದ್ದೀಯಲ್ಲೇ, ಆಗ ಇವಳು ತಣ್ಣಗೆ, ಮಜ್ಜಿಗೆಗಿಂತ ತಣ್ಣಗೆ, ಇಲ್ಲವಲ್ಲ ಅತ್ತಿಗೆ, ಅಳತೆ ಪುಸ್ತಕ ನೋಡಿಯೇ ಹೊಲಿದಿದ್ದು, ಸೊಂಟ ಮೂವತ್ತು, ಹನ್ನೊಂದು ವರ್ಷದಿಂದ ಮೂವತ್ತೇ ಅಲ್ವಾ, ನೀವೇ ಎಲ್ಲರಿಗೂ ಹೇಳ್ತೀರಲ್ಲ. ಅಷ್ಟೇ. ಆ ಒಂದು ಮಾತಿಗೋಸ್ಕರ ಬೆಳಗಿನಿಂದ ಊಟ ಬಿಟ್ಟು ಕೂತಿದ್ದಾಳೆ. ಉಪ್ಪು ತಿಂದವರು ನೀರು ಕುಡಿಯಲಿ, ಕೊಡಗಟ್ಟಲೆ ಕುಡಿಯಲಿ. ಸೂಜಿ ಬೆರಳಿಗೆ ಚುಚ್ಚಿತು, ಅವಳು ಬೆರಳನ್ನು ಸೆರಗಿಗೆ ಒರೆಸಿದಳು, ನೀಲಿಯ ಮೇಲೆ ರಕ್ತ ಕಾಣುವುದಿಲ್ಲ, ಒಳ್ಳೆಯ ಬಣ್ಣ ಆರಿಸಿದ್ದಾಳೆ ಪುಣ್ಯಾತ್ಗಿತ್ತಿ.

ಮೂವತ್ತು. ಅದನ್ನು ಮೊದಲು ಬರೆದದ್ದು ಇದೇ ಮೇಜಿನ ಮೇಲೆ, ಮುಂದಿನ ಕೋಣೆಯನ್ನು ಆಗತಾನೇ ಹೊಲಿಗೆಯಂಗಡಿ ಮಾಡಿದ್ದ ವರ್ಷ, ಆಗ ನಿಜಕ್ಕೂ ಮೂವತ್ತೇ ಇತ್ತು. ಮುಂದಿನ ವರ್ಷ ಟೇಪು ಸುತ್ತಿದಾಗ ಮೂವತ್ತೊಂದು, ಆಕೆ ಹೊಟ್ಟೆ ಒಳಗೆಳೆದುಕೊಂಡು, ಗೋಡೆಯ ಕ್ಯಾಲೆಂಡರಿನ ಕಡೆಗೆ ಎಲ್ಲೋ ನೋಡುತ್ತ, ಎಷ್ಟೇ? ಅಂದಾಗ ಆ ದನಿಯಲ್ಲಿ ಏನೋ ಇತ್ತು, ಇವಳ ಬಾಯಿಂದ ತಾನಾಗಿಯೇ ಬಂತು, ನೀವು ಒಂದಿಂಚೂ ಬದಲಾಗಿಲ್ಲ ಅತ್ತಿಗೆ. ಮೂವತ್ತು ಎಂದು ಬರೆದು ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟಳು, ಹೊಲಿಯುವಾಗ ತನಗೆ ಗೊತ್ತಾಗಬೇಕಲ್ಲ. ಅಲ್ಲಿಂದ ಶುರು. ಒಂದು ಚುಕ್ಕಿ ಒಂದು ಇಂಚು. ಆಮೇಲೆ ಅದೇ ಅಂಗಡಿಯ ನಡೆ ಆಯಿತು, ಬ್ಯಾಂಕಿನವಳಿಗೆ ಮೂರು ಚುಕ್ಕಿ, ಮಹಡಿ ಮನೆಯ ವಕೀಲರ ಹೆಂಡತಿಗೆ ಐದು, ಯಾರೂ ಕೇಳಿದ್ದಲ್ಲ, ಕೇಳದೇ ಕೊಟ್ಟದ್ದು, ಅದಕ್ಕೇ ಬಂದವರು ಬೇರೆ ದರ್ಜಿಯ ಹತ್ತಿರ ಹೋಗಲಿಲ್ಲ, ನಿನ್ನ ಕೈಯಲ್ಲಿ ಏನೋ ಇದೆ ಕಣೇ, ನೀನು ಹೊಲಿದರೆ ನಾನು ತೆಳ್ಳಗೆ ಕಾಣ್ತೀನಿ — ಕೈಯಲ್ಲಿ ಏನೂ ಇಲ್ಲ ತಾಯಿ, ಪೆನ್ನಿನ ತುದಿಯಲ್ಲಿದೆ. ಅತ್ತಿಗೆಯದು ವರ್ಷಕ್ಕೊಂದು, ಕೆಲವು ವರ್ಷ ಪುಣ್ಯಕ್ಕೆ ಬಿಟ್ಟು, ಈಗ ಎಂಟು. ಅಳತೆಗೆ ಬಂದರೂ ಟ್ರಯಲ್ಲಿಗೆ ಬಂದರೂ ಆಕೆಗೆ ಟೇಪು ಸುತ್ತಲೇಬೇಕು, ಪ್ರತಿ ಸಲವೂ ಅದೇ ಉಸಿರು ಹಿಡಿಯುವುದು, ಅದೇ ಕ್ಯಾಲೆಂಡರು, ಅದೇ ಎಷ್ಟೇ, ಅದೇ ಒಂದಿಂಚೂ ಬದಲಾಗಿಲ್ಲ ಅತ್ತಿಗೆ. ಆಕೆ ಹೊಸ ಬಟ್ಟೆಗೆ ಬರುತ್ತಾಳೋ ಆ ಮಾತಿಗೆ ಬರುತ್ತಾಳೋ. ಬರುವಾಗ ಬಾಲದ ಹಾಗೆ ಇಬ್ಬರು ಟೀಚರು ಹಿಂದೆ ಇದ್ದೇ ಇರುತ್ತಾರೆ, ಅವರ ಕಡೆ ತಿರುಗಿ, ಕೇಳಿದ್ರಾ, ಎರಡು ಹೆತ್ತು ಐವತ್ತು ದಾಟಿದೀನಿ, ಮೂವತ್ತು ಅಂದ್ರೆ ಮೂವತ್ತೇ, ಎಲ್ಲಾ ಮನಸ್ಸಲ್ಲಿದೆ ನೋಡ್ರೀ, ಬಾಯಿಗೆ ಹಿಡಿತ ಇರಬೇಕು — ಆಮೇಲೆ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತ ಹುಡುಗಿಯ ಕಡೆ, ನಮ್ಮ ಮೂಟೆಗೆ ಮಾತ್ರ ಯಾರ ಬುದ್ಧಿ ಬಂತೋ. ಏನೇ ಮೂಟೆ, ಇವತ್ತು ಎಷ್ಟು ಸಲ ತಿಂದೆ?

ಮೂಟೆ. ಹುಡುಗಿಗೆ ಹನ್ನೆರಡು. ಪೆನ್ಸಿಲು ಹಿಡಿದು ಅಳತೆ ಬರೆಯುವುದು ಅವಳ ಕೆಲಸ, ಎಂಟನೆಯ ವರ್ಷದಿಂದ, ಇವಳು ಟೇಪು ಹಿಡಿದು ಹೇಳುವುದು, ಅವಳು ಗಟ್ಟಿಯಾಗಿ ತಿರುಗಿ ಹೇಳಿ ಬರೆಯುವುದು, ಭುಜ ಹದಿನಾಲ್ಕೂವರೆ, ತೋಳು ಇಪ್ಪತ್ತೆರಡು, ಆ ದನಿ ಹೇಗಿತ್ತು, ತಾಮ್ರದ ಬಿಂದಿಗೆ ತಟ್ಟಿದ ಹಾಗೆ, ರಸ್ತೆಯವರೆಗೂ ಕೇಳುತ್ತಿತ್ತು. ಮೊದಲ ಸಲ ಮೂಟೆ ಅಂದಾಗ ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು, ಇವಳೂ — ಇದೇ ಇದೇ, ಇದನ್ನು ಎಲ್ಲಿ ಹೂತರೂ ಮೇಲೆದ್ದು ಬರುತ್ತದೆ — ಇವಳೂ ನಕ್ಕಿದ್ದಳು. ಅಕ್ಕ ಪ್ರೀತಿಗೆ ಕರೆಯೋದು ಕಣೇ, ಗಂಡನ ಮಾತು, ನೀನು ಎಲ್ಲದನ್ನೂ ಎಳೀಬೇಡ, ನಿನಗೆ ಬರೀ ಎಳೆಯೋದು ಬಿಚ್ಚೋದೇ ಕೆಲಸ. ಅವನ ಬಸ್ಸಿನ ಕೆಲಸ ಅಕ್ಕ ಕೊಡಿಸಿದ್ದು, ಆದ್ದರಿಂದ ಅಕ್ಕ ಮಾಡುವುದೆಲ್ಲ ಪ್ರೀತಿಯೇ. ಅತ್ತೆ ಅಂದದ್ದು ತರಗತಿಗೆ ಹೋಯಿತು, ತರಗತಿಯಿಂದ ಬಸ್ಸಿಗೆ, ಬಸ್ಸಿನಲ್ಲಿ ಡ್ರೈವರ್ ಸೀಟಿನಲ್ಲಿ ಅಪ್ಪ ಕೂತಿರುವಾಗಲೇ, ಮೂಟೆ ಬಂತು ಜಾಗ ಬಿಡ್ರೋ, ಅಪ್ಪ ಹಾರ್ನು ಹೊಡೆದ, ಅಷ್ಟೇ ಮಾಡಿದ. ಆಮೇಲೆ ಸ್ವೆಟರು. ಬಿಸಿಲಿಗೆ ಟಾರು ಕರಗುತ್ತಿರುವ ದಿನಗಳಲ್ಲಿ ಅಪ್ಪನ ಹಳೆಯ ಬೂದು ಸ್ವೆಟರು, ಮೊಣಕಾಲವರೆಗೆ, ತೆಗಿಯೇ ಬೆವರುತ್ತಿದ್ದೀಯ ಅಂದರೆ, ನಂಗೆ ಚಳಿ. ಊಟದ ಡಬ್ಬಿ ತುಂಬಿಯೇ ಹೋಗಿ ತುಂಬಿಯೇ ಬರತೊಡಗಿತು, ಆಮೇಲೆ ಖಾಲಿ ಬರತೊಡಗಿತು, ಇವಳು ಸಂತೋಷಪಟ್ಟಳು, ಶಾಲೆಯ ಗೇಟಿನ ನಾಯಿ ದುಂಡಗಾಗಿದೆ ಎಂದು ಗಂಡ ನಗುತ್ತಾ ಹೇಳುವವರೆಗೆ. ಮತ್ತೆ ಹೋದ ವಾರ, ಸ್ವಾಗತ ಭಾಷಣ. ತರಗತಿಯ ಟೀಚರು ಇವಳ ಮಗಳನ್ನೇ ಆರಿಸಿದ್ದರು, ಆ ದನಿಗೆ, ಹುಡುಗಿ ಮೂರು ದಿನ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ನಿಂತು ಬಾಯಿಪಾಠ ಮಾಡಿದಳು, ಮಾನ್ಯ ತಾಯಂದಿರೇ, ಸ್ವೆಟರು ತೆಗೆದಿಟ್ಟು, ಕೈ ಬೀಸಿ ಬೀಸಿ, ಮಾನ್ಯ ತಾಯಂದಿರೇ ನಿಮ್ಮೆಲ್ಲರಿಗೂ, ಇವಳು ಅಡುಗೆಮನೆಯಲ್ಲಿ ಉಸಿರಾಡದೆ ಕೇಳಿದಳು. ನಾಲ್ಕನೆಯ ದಿನ ಅತ್ತೆ ಪಟ್ಟಿ ನೋಡಿದಳು. ಇವಳು ಬೇಡ, ಫೋಟೋ ತೆಗೀತಾರೆ, ವೇದಿಕೆ ಮೇಲೆ ಸ್ವಲ್ಪ ಲಕ್ಷಣವಾಗಿರೋರು ಬೇಕು, ಮೂಟೆ ಹಿಂದೆ ನಿಂತು ಮೈಕಿನ ವಯರು ಹಿಡ್ಕೊಳ್ಳಲಿ. ನಕ್ಕರಂತೆ. ಅವತ್ತು ಹುಡುಗಿ ಒಗೆಯುವ ಕಲ್ಲು ಹತ್ತಲಿಲ್ಲ, ತರಗತಿಯ ಟೀಚರೇ ದಾರಿಯಲ್ಲಿ ಸಿಕ್ಕಿ ತಲೆ ತಗ್ಗಿಸಿಕೊಂಡು ಹೇಳಿದರು, ನಾನೇನ್ ಮಾಡ್ಲಿ ಅಕ್ಕಾ, ದೊಡ್ಡ ಮೇಡಂ ಮಾತು.

ದಾರ ಮುಗಿಯಿತು, ಇನ್ನೊಂದು ಎಳೆ, ಸೂಜಿಯ ಕಣ್ಣು ಕಾಣುವುದಿಲ್ಲ ಈಚೆಗೆ, ಎಂಜಲು ಹಚ್ಚಿ ಹೊಸೆದು, ಹಾಂ, ಹೋಯಿತು. ನಿನ್ನೆ ಸಂಜೆ ಮಗಳನ್ನು ಕನ್ನಡಿ ಮುಂದೆ ನಿಲ್ಲಿಸಿದ್ದಳು, ಇದೇ ಉದ್ದ ಕನ್ನಡಿ, ನೋಡು, ಎಷ್ಟು ಲಕ್ಷಣವಾಗಿದ್ದೀಯ, ನಿನ್ನ ಮೈಕಟ್ಟು ನನ್ನಮ್ಮನದು, ಬೆಳೆಯೋ ವಯಸ್ಸು, ನಿನ್ನ ಅಳತೆ ಸರಿಯಾಗೇ ಇದೆ, ಇಪ್ಪತ್ತೆಂಟು, ನಾನೇ ಅಳೆದಿದ್ದೀನಲ್ಲ. ಹುಡುಗಿ ಕನ್ನಡಿಯಲ್ಲಿ ತನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ನೀನು ಎಲ್ಲರಿಗೂ ಹಾಗೇ ಹೇಳ್ತೀಯ. ಇಲ್ಲ ಪುಟ್ಟೀ, ನಿಂಗೆ ನಿಜ ಹೇಳ್ತಿದ್ದೀನಿ. ಅತ್ತೆಗೂ ನಿಜ ಹೇಳೋ ಹಾಗೇ ಹೇಳ್ತೀಯ, ಬ್ಯಾಂಕ್ ಆಂಟಿಗೂ, ಮುಖ ಒಂಚೂರೂ ಬದಲಾಗಲ್ಲ ನಿಂದು. ಅದು ಅಂಗಡಿ ಕಣೇ, ವ್ಯಾಪಾರ. ಇದೂ ಅಂಗಡೀನೇ ಅಲ್ವಾ ಅಮ್ಮ, ಅಂದುಬಿಟ್ಟು ಸ್ವೆಟರಿನೊಳಗೆ ಕೈ ಎಳೆದುಕೊಂಡು ಹೋದಳು. ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಚುಕ್ಕಿಯ ಗುಟ್ಟು ಹೇಳಿಕೊಟ್ಟವಳು ತಾನೇ, ಒಂಬತ್ತು ವರ್ಷದ ಮಗುವಿಗೆ, ದೊಡ್ಡ ಜಾಣತನ ಮಾಡಿದ ಹಾಗೆ ಕಣ್ಣು ಮಿಟುಕಿಸಿ, ಯಾರಿಗೂ ಹೇಳಬೇಡ ಆಯ್ತಾ, ಇಬ್ಬರೂ ಮುಸಿಮುಸಿ ನಕ್ಕದ್ದು, ಅಮ್ಮ ಮಗಳ ಗುಟ್ಟು ಅಂತ ಬೆರಳಿಗೆ ಬೆರಳು ಕೊಕ್ಕೆ ಹಾಕಿದ್ದು. ಆ ಮಗು ಮೂರು ವರ್ಷ ಬರೆದು ಬರೆದು ಕಲಿತದ್ದೇನು — ಮೈಯ ಅಳತೆ ಎಂದರೆ ಮುಚ್ಚಿಡಬೇಕಾದ್ದು, ಅಮ್ಮ ಪ್ರೀತಿಯಿಂದ ಹೇಳುವುದೆಲ್ಲ ಕಡಿಮೆ ಮಾಡಿ ಹೇಳುವುದು. ಮಗಳು ಹೋದ ಮೇಲೆ ಯಾಕೋ ಅಳತೆ ಪುಸ್ತಕ ತೆಗೆದಳು, ಕೊನೆಯಲ್ಲಿ ಮಗಳ ಹಾಳೆ, ಪ್ರತಿ ಹುಟ್ಟುಹಬ್ಬಕ್ಕೂ ಒಂದು ಸಾಲು, ತನ್ನದೇ ಕೈಬರಹ, ಪೆನ್ನಿನದು, ಸೊಂಟ ಇಪ್ಪತ್ತೆಂಟು. ಪಕ್ಕದಲ್ಲಿ ಚುಕ್ಕಿಗಳು. ಪೆನ್ಸಿಲಿನವು. ಒಂಬತ್ತು. ಅಮ್ಮ ಬರೆಯದೆ ಬಿಟ್ಟಿದ್ದಾಳೆ ಎಂದುಕೊಂಡು ಹುಡುಗಿ ತಾನೇ ಇಟ್ಟುಕೊಂಡ ಒಂಬತ್ತು ಚುಕ್ಕಿ, ಒತ್ತಿ ಒತ್ತಿ, ಕಾಗದ ತೂತಾಗುವಷ್ಟು.

ಅದನ್ನು ನೋಡಿದ ಮೇಲೆ ಅವಳು ಬೇರೇನನ್ನೂ ಸರಿಯಾಗಿ ನೋಡಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದ್ದು ನೋಡಿಲ್ಲ, ಗಂಡ ಎರಡು ಸಲ ಕರೆದದ್ದು ಕೇಳಿಲ್ಲ, ಬೆಳಿಗ್ಗೆ ಎದ್ದವಳೇ ಮುಖ ತೊಳೆಯದೆ ಬಂದು ಒಳಗಿನ ಗೆರೆ ಎಳೆದಳು. ಸರಿಯಾಗಿಯೇ ಎಳೆದಿದ್ದಾಳೆ. ಒಂಬತ್ತು ಚುಕ್ಕಿಗೆ ಎಂಟು ಇಂಚು, ಇನ್ನೂ ಒಂದು ಬಾಕಿಯೇ ಉಳಿಯಿತು. ಈಗ ಕಚ್ಚಾ ಹೊಲಿಗೆ ಸೊಂಟ ದಾಟಿತು, ಕೆಳಗೆ ಇಳಿಯುತ್ತಿದೆ, ಮತ್ತೆ ಆ ಕೋಣೆ, ಜಿಪ್ಪು, ಮೇಡಂ ಆಯ್ತಾ — ಆದರೆ ಈ ಸಲ ಯಾಕೋ ಆಕೆ ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದಾಳೆ, ಬೇಗ ಬೇಗ ಗೌನು ಬಿಚ್ಚಿ ಬಿಸಾಕುತ್ತಾಳೆ, ಬೀರುವಿನಲ್ಲಿ ಇನ್ನೊಂದು ಇದ್ದೇ ಇದೆ, ಇವಳೇ ಹೊಲಿದದ್ದು, ಎಂಟು ಚುಕ್ಕಿಯದು, ತೊಟ್ಟು ಹೊರಗೆ ಬಂದು, ನನ್ನ ತಮ್ಮನ ಹೆಂಡ್ತೀಗೆ ಈಚೆಗೆ ಕಣ್ಣು ಕಾಣಲ್ಲ ಪಾಪ, ಹಾಳು ಮಾಡಿಟ್ಟಿದ್ದಾಳೆ, ಎಂದು ನಗುತ್ತಾಳೆ, ಮುಗಿಯಿತು. ಕೆಟ್ಟ ಹೆಸರು ದರ್ಜಿಗೆ. ಮೂವತ್ತು ಮೂವತ್ತಾಗಿಯೇ ಉಳಿಯುತ್ತದೆ. ವೇದಿಕೆಯ ಹಿಂದೆ ವಯರು ಹಿಡಿದುಕೊಂಡು ನಿಂತವಳಿಗೆ ಮಾತ್ರ ಎಲ್ಲ ತಿಳಿಯುತ್ತದೆ, ಪುಸ್ತಕ ಓದಲು ಬರುವವಳಲ್ಲವೇ, ಅಮ್ಮ ಮೂವತ್ತೆಂಟನ್ನು ಕತ್ತಿ ಮಾಡಿಕೊಂಡಳು ಎಂದು ತಿಳಿಯುತ್ತದೆ, ಮೂವತ್ತೆಂಟು ಅಷ್ಟು ನಾಚಿಕೆಗೇಡಿನದು ಎಂದು ಅಮ್ಮನೇ ಮೊಹರು ಹಾಕಿಕೊಟ್ಟ ಹಾಗಾಗುತ್ತದೆ, ಹುಡುಗಿ ತನ್ನ ಹಾಳೆಯಲ್ಲಿ ಹತ್ತನೆಯ ಚುಕ್ಕಿ ಇಡುತ್ತಾಳೆ. ಥೂ. ಸೂಜಿ ನಿಂತಿತು.

ಆ ನರ್ಸು. ಯಾಕೆ ಈಗ ನೆನಪಾದಳೋ, ಮೂಲೆ ಮನೆಯ ನರ್ಸು, ಹೋದ ತಿಂಗಳು ಸಮವಸ್ತ್ರಕ್ಕೆ ಅಳತೆ ಕೊಡಲು ಬಂದವಳು, ಅವಳ ಹಾಳೆಯಲ್ಲಿ ಒಂದೂ ಚುಕ್ಕಿ ಇಲ್ಲ, ಇಡಲು ಬಿಟ್ಟರೆ ತಾನೇ. ಟೇಪು ಸುತ್ತಿ ಇವಳು ಎಂದಿನಂತೆ ಗುಟ್ಟಿನ ದನಿಯಲ್ಲಿ, ನಲವತ್ತು ಅಂತ ಬರೀಲಾ ಅಂದರೆ, ಯಾಕ್ರೀ, ನಾನೇನು ಕದ್ದು ತಂದಿದ್ದಾ? ನಲವತ್ನಾಲ್ಕು! ಜೋರಾಗಿ ಹೇಳಿ, ಸ್ವಂತ ಸಂಪಾದನೆ. ಮೂರು ಪಾಳಿ ನಿಂತು ದುಡಿಯೋ ಮೈ ಇದು, ರೋಗಿಗಳನ್ನ ಎತ್ತಿ ಮಲಗಿಸೋದು ನಿಮ್ಮ ಮೂವತ್ತಿಂಚಿನವರಲ್ಲ. ಆಮೇಲೆ ಮೂಲೆಯ ಕಡೆ, ಏಯ್ ಹುಡುಗಿ, ಕೂಗು ನೋಡೋಣ, ರಸ್ತೆಗೆ ಕೇಳಬೇಕು. ಹುಡುಗಿ ಅಮ್ಮನ ಮುಖ ನೋಡಿ, ನರ್ಸಿನ ಮುಖ ನೋಡಿ, ನಲವತ್ನಾಲ್ಕು ಎಂದು ಕೂಗಿದಳು, ಹೊರಗೆ ಹೋಗುತ್ತಿದ್ದ ಸೈಕಲ್ಲಿನವನು ಬ್ರೇಕು ಹಾಕಿದ, ನರ್ಸು ಹೊಟ್ಟೆ ಹಿಡಿದುಕೊಂಡು ನಕ್ಕಳು, ಹುಡುಗಿಯೂ, ಹಲ್ಲೆಲ್ಲ ಬಿಟ್ಟು, ಸ್ವೆಟರಿನ ತೋಳು ಮೇಲಕ್ಕೆ ಎಳೆದುಕೊಂಡು, ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಅವತ್ತು ಇವಳಿಗೆ ಒಳಗೊಳಗೇ ಸಿಟ್ಟು ಬಂದಿತ್ತು, ಮರ್ಯಾದೆ ಇಲ್ಲದ ಹೆಂಗಸು ಎಂದುಕೊಂಡಿದ್ದಳು. ನರ್ಸು ಇವತ್ತು ಬಟ್ಟೆ ತೆಗೆದುಕೊಂಡು ಹೋಗಲು ಬರುತ್ತಾಳೆ. ನಾಲ್ಕಕ್ಕೇ. ಬ್ಯಾಂಕಿನವಳೂ ಬರುತ್ತಾಳೆ, ಅತ್ತಿಗೆಯ ಬಾಲಗಳು ಎರಡು. ಐದಾರು ಜನ ಆಗುತ್ತಾರೆ, ಅಂಗಡಿ ತುಂಬುತ್ತದೆ.

ಅವಳು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು, ಹಳೆಯ ಬಟ್ಟೆ ತುಂಡು ಒದ್ದೆ ಮಾಡಿ ಒಳಗಿನ ಗೆರೆಯನ್ನು ಉಜ್ಜತೊಡಗಿದಳು, ಅಷ್ಟು ಒತ್ತಿ ಎಳೆದದ್ದು ಬೇಗ ಹೋಗುವುದಿಲ್ಲ, ಎಳೆಯೆಳೆಯಾಗಿ ಹೋಗುತ್ತದೆ. ಗೌನು ಮೈಗೆ ಅಚ್ಚು ಹೊಯ್ದ ಹಾಗೆ ಕೂರುತ್ತದೆ, ಅದರಲ್ಲಿ ಯಾರೂ ಬೆರಳು ತೋರಿಸಬಾರದು, ಕೈ ಎತ್ತಲಿ ಇಳಿಸಲಿ ಒಂದು ನೆರಿಗೆಯೂ ಬೀಳಬಾರದು. ಆಮೇಲೆ ಆಕೆ ಹೊಟ್ಟೆ ಒಳಗೆಳೆದುಕೊಂಡು ಕ್ಯಾಲೆಂಡರ್ ನೋಡುತ್ತಾಳೆ, ಎಷ್ಟೇ? — ಆಗ. ಆಗ ಇವಳು ಟೇಪಿನ ತುದಿ ಬಿಡುವುದಿಲ್ಲ. ಕಾಯುತ್ತಾಳೆ. ಉಸಿರನ್ನು ಎಷ್ಟು ಹೊತ್ತು ಹಿಡಿಯಬಲ್ಲರು ಅತ್ತಿಗೆ, ಒಂದಲ್ಲ ಒಂದು ಹೊತ್ತಿಗೆ ಬಿಡಲೇಬೇಕು, ಬಿಟ್ಟ ಮೇಲೆ ಟೇಪು ಎಲ್ಲಿಗೆ ಬರುತ್ತದೋ ಅಲ್ಲಿ ಹೆಬ್ಬೆರಳಿಟ್ಟು, ಸೊಂಟ ಮೂವತ್ತೆಂಟು, ಬರಿ ಪುಟ್ಟೀ, ಗಟ್ಟಿಯಾಗಿ ಹೇಳಿ ಬರಿ, ತೋಳಿನ ಅಳತೆ ಹೇಳುವ ದನಿಯಲ್ಲೇ, ನಗದೆ, ಸಿಡುಕದೆ, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಮಾಡದೆ. ಹುಡುಗಿ ಕೂಗುತ್ತಾಳೆ. ಆ ದನಿ ಬೇಡ ಅಂದಿರಲ್ಲ ಅತ್ತಿಗೆ, ಕೇಳಿ. ಮರುಗಳಿಗೆಗೆ ಇನ್ನೊಂದು, ಬಾ ಪುಟ್ಟೀ, ಸ್ವೆಟರು ತೆಗಿ, ನೀನೂ ನಿಲ್ಲು, ಎಲ್ಲರೆದುರಿಗೆ, ಇಪ್ಪತ್ತೆಂಟು, ಆಮೇಲೆ ಟೇಪು ತನಗೇ ಸುತ್ತಿಕೊಂಡು ಮೂವತ್ತಾರು. ಅಂಗಡಿಯಲ್ಲಿ ಇನ್ನು ಮುಂದೆ ಸಂಖ್ಯೆಗಳಿರುತ್ತವೆ, ಅಷ್ಟೇ, ಭುಜಕ್ಕೊಂದು ಸೊಂಟಕ್ಕೊಂದು, ಬಾಗಿಲಿಗೆ ಕಿಟಕಿಗೆ ಇರುವ ಹಾಗೆ. ಇದು ಮಗಳಿಗೋಸ್ಕರ. ಅಲ್ಲ, ಸುಳ್ಳು ಬೇಡ, ಇವತ್ತಿನಿಂದಾದರೂ ಬೇಡ, ಅರ್ಧ ಮಗಳಿಗೋಸ್ಕರ, ಇನ್ನರ್ಧ ಆ ಕ್ಷಣ ಆ ಮುಖ ನೋಡುವುದಕ್ಕೋಸ್ಕರ, ಕ್ಯಾಲೆಂಡರಿನಿಂದ ಮೆಲ್ಲಗೆ ತಿರುಗುವ ಮುಖ, ಬರಬೇಕಾದ ಮಾತಿಗೆ ಬಾಯಿ ಅರ್ಧ ತೆರೆದು ಕಾಯುವ ಮುಖ, ಆ ಮಾತು ಬರುವುದಿಲ್ಲ, ನಾಳೆಯೂ ಬರುವುದಿಲ್ಲ, ಸಾಯುವವರೆಗೂ ಈ ಬಾಯಿಂದ ಬರುವುದಿಲ್ಲ. ಆ ಮಾತನ್ನು ಬಿಟ್ಟರೆ ಆಕೆಯ ಹತ್ತಿರ ಇರುವುದಾದರೂ ಏನು — ಅಯ್ಯೋ ಪಾಪ ಎಂಬುದೊಂದು ಗಂಟಲವರೆಗೆ ಬಂತು, ಅವಳು ಅದನ್ನು ಕಹಿ ಗುಳಿಗೆಯ ಹಾಗೆ ನುಂಗಿದಳು. ಗಂಡ ಕೂಗಾಡುತ್ತಾನೆ. ಕೂಗಾಡಲಿ. ಬಸ್ಸು ಹೋದರೆ ಹೋಗಲಿ, ರಸ್ತೆಯಲ್ಲಿ ಓಡುವುದು ಅದೊಂದೇ ಬಸ್ಸಲ್ಲ, ಮಷೀನು ತನ್ನದು.

ಗೇಟಿನ ಚಿಲಕ. ಚಪ್ಪಲಿ ಎಳೆಯುವ ಸದ್ದು. ಹುಡುಗಿ ಒಳಗೆ ಬಂದಳು, ಬೂದು ಸ್ವೆಟರು, ಹಣೆಗೆ ಅಂಟಿದ ಕೂದಲು, ಚೀಲ ಕೆಳಗಿಟ್ಟು ಏನೂ ಕೇಳದೆ ಪುಸ್ತಕ ತೆಗೆದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು, ಪೆನ್ಸಿಲಿನ ತುದಿ ನೋಡಿದಳು. ಅತ್ತೆ ಬರ್ತಾರಲ್ಲ ಅಮ್ಮ, ಚುಕ್ಕಿ ಎಂಟೇನಾ, ಒಂಬತ್ತಾಯ್ತಾ? ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಮತ್ತೊಂದು ಗುಟ್ಟಾಗುತ್ತದೆ, ಮತ್ತೆ ಬೆರಳಿಗೆ ಬೆರಳು ಕೊಕ್ಕೆ. ಮುಖ ತೊಳ್ಕೊಂಡು ಬಾ ಹೋಗು, ಎಂದಳು, ಹುಡುಗಿ ಪುಸ್ತಕವನ್ನು ಸ್ಟೂಲಿನ ಮೇಲೆ ಬಿಟ್ಟು ಎದ್ದಳು, ಫ್ಯಾನಿನ ಗಾಳಿಗೆ ಹಾಳೆಗಳು ಒಂದರ ಮೇಲೊಂದು ಮಗುಚಿಕೊಂಡು ಹೋದವು, ಬ್ಯಾಂಕು, ವಕೀಲರ ಹೆಂಡತಿ, ನರ್ಸು, ಅತ್ತಿಗೆಯ ಹನ್ನೊಂದು ವರ್ಷ, ಕೊನೆಯ ಹಾಳೆ ಮಾತ್ರ ಪೂರ್ತಿ ಮಗುಚದೆ ನೆಟ್ಟಗೆ ಎದ್ದು ನಿಂತಿತು, ಹಿಂದೆ ಕಿಟಕಿ, ಕಿಟಕಿಯಲ್ಲಿ ಬಿಸಿಲು, ಅವಳು ಹೋಗಿ ಮುಚ್ಚಬೇಕು, ಕೈ ಏಳಲಿಲ್ಲ, ಇಪ್ಪತ್ತೆಂಟು, ಅದರ ಪಕ್ಕದಲ್ಲಿ ಬೆಳಕು ಹಾಯುವ ಒಂಬತ್ತು ತೂತು, ಒಂಬತ್ತು, ಸಾಲಾಗಿ, ಪೆನ್ಸಿಲಿನ ಒಂಬತ್ತು ತೂತು